ಪ್ರಾದೇಶಿಕ ಮಟ್ಟದ ಸ್ಟಾಕ್ ಕಾರ್ (ಸಾಮಾನ್ಯ ಕಾರಿನ ರೂಪದ ರೇಸ್ ಕಾರು) ಚಾಲಕರೊಬ್ಬರು, ಅಮೆರಿಕದಲ್ಲಿ ಈ ರೇಸಿನ ಅತ್ಯುನ್ನತ ಹಂತವಾದ ನ್ಯಾಸ್ಕಾರ್ ಕಪ್ ಸರಣಿಗೆ ಹೋಗದೆಯೇ ದೊಡ್ಡ ಹೆಸರು ಮಾಡಬಹುದೇ?

ಖಂಡಿತ ಮಾಡಬಹುದು. ರಿಚೀ ಇವಾನ್ಸ್ ಅವರನ್ನೇ ನೋಡಿ. ನ್ಯೂಯಾರ್ಕ್ ರಾಜ್ಯದ ರೋಮ್ ಎಂಬ ಊರಿನವರು. ಓಡಿಸುತ್ತಿದ್ದದ್ದು ಮಾಡಿಫೈಡ್ ಕಾರು, ಅಂದರೆ ಮುಂದಿನ ಚಕ್ರಗಳು ಬಾಡಿಯಿಂದ ಹೊರಗೆ ಚಾಚಿಕೊಂಡಿರುವ, ಅಗಲ ಟೈರಿನ, ನೆಲಕ್ಕೆ ತಗ್ಗಿದ ಗಾಡಿ. ಅಮೆರಿಕದ ಈಶಾನ್ಯ ಭಾಗದ ಸಣ್ಣ ಟ್ರ್ಯಾಕ್‌ಗಳಲ್ಲಿ ಇಂದಿಗೂ ಇದರದ್ದೇ ಅಬ್ಬರ.

ಆಗ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಗಳಿಸಿದ ಅಂಕಗಳನ್ನು ಕೂಡಿಸಿ ಮಾಡಿಫೈಡ್ ವಿಭಾಗದ ರಾಷ್ಟ್ರೀಯ ಚಾಂಪಿಯನ್‌ನನ್ನು ನಿರ್ಧರಿಸುತ್ತಿದ್ದರು. ಹಾಗಾಗಿ ವೇಗವೊಂದೇ ಸಾಲದು. ವಾರದಲ್ಲಿ ಹಲವು ರಾತ್ರಿ ಊರಿಂದೂರಿಗೆ ಕಾರು ಸಾಗಿಸಿ, ಮರುದಿನಕ್ಕೆ ಮತ್ತೆ ಸಜ್ಜುಗೊಳಿಸುವ ಗಟ್ಟಿತನ ಬೇಕಿತ್ತು. ನನ್ನ ದೃಷ್ಟಿಯಲ್ಲಿ ಇದು ಕಪ್ ಸರಣಿಗಿಂತ ಕಡಿಮೆ ಕಷ್ಟದ್ದಲ್ಲ. ಕಿತ್ತಳೆ ಬಣ್ಣದ 61ನೇ ನಂಬರಿನ ಕಾರಿನಿಂದಲೇ ಹೆಸರಾದ ಇವಾನ್ಸ್ 1973ರಲ್ಲಿ ಒಮ್ಮೆ, ಆಮೇಲೆ 1978ರಿಂದ 1985ರವರೆಗೆ ಸತತ ಎಂಟು ವರ್ಷ, ಒಟ್ಟು 9 ಸಲ ಚಾಂಪಿಯನ್ ಆದರು.

ಕೊನೆಯ ಪ್ರಶಸ್ತಿ ಖಚಿತವಾದ ಮೇಲೆ, 1985ರ ಅಕ್ಟೋಬರ್‌ನಲ್ಲಿ ವರ್ಜೀನಿಯಾದ ಮಾರ್ಟಿನ್ಸ್‌ವಿಲ್‌ನಲ್ಲಿ ಅಭ್ಯಾಸದ ವೇಳೆ ಅಪಘಾತವಾಗಿ ತೀರಿಕೊಂಡರು. ವಯಸ್ಸು ಬರೀ 44. ರೇಸ್ ನಡೆಸುವ ನ್ಯಾಸ್ಕಾರ್ ಸಂಸ್ಥೆ 2012ರಲ್ಲಿ ಅವರನ್ನು ತನ್ನ ಹಾಲ್ ಆಫ್ ಫೇಮ್‌ಗೆ, ಅಂದರೆ ಶ್ರೇಷ್ಠರ ಗೌರವ ಪಟ್ಟಿಗೆ, ಸೇರಿಸಿತು. ನ್ಯಾಸ್ಕಾರ್‌ನ ಮಾಡಿಫೈಡ್ ಕಾರುಗಳ ಸರಣಿಯಾದ ಮಾಡಿಫೈಡ್ ಟೂರ್‌ನಲ್ಲಿ 61ನೇ ನಂಬರನ್ನು ಬೇರೆಯವರಿಗೆ ಕೊಡುವುದಿಲ್ಲ.