ಕೂಲಿ ಮಾಡುವವರು ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತು ಗೆಲ್ಲಲು ಸಾಧ್ಯವೇ?

ನಿಮ್ಮ ಅಣ್ಣ ಗಾರೆ ಕೆಲಸ ಮಾಡುವವರು, ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲುವ ಮನಸ್ಸು ಮಾಡಿದ್ದಾರೆ, ಆದರೆ ಕೈಯಲ್ಲಿ ಹಣವಿಲ್ಲ, ನಿಲ್ಲುವುದು ಸರಿಯೇ ಎಂದು ಕೇಳಿದ್ದೀರಿ. ಖಂಡಿತ ನಿಲ್ಲಲಿ. ನಾನು ಸಾಗರ ತಾಲ್ಲೂಕಿನವಳು. ಮಳೆಗಾಲದಲ್ಲಿ ನಾಟಿ, ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವುದು, ಉಳಿದ ದಿನಗಳಲ್ಲಿ ಉದ್ಯೋಗ ಖಾತರಿ ಕೆಲಸ, ಹೀಗೆ ದುಡಿಯುತ್ತಿದ್ದವಳು 2020ರ ಡಿಸೆಂಬರ್ ಚುನಾವಣೆಯಲ್ಲಿ ನಿಂತು ಗೆದ್ದೆ. ಆ ಅನುಭವದಿಂದಲೇ ಬರೆಯುತ್ತಿದ್ದೇನೆ.

ಕಾನೂನಿನ ಪ್ರಕಾರ ತಗಲುವ ಖರ್ಚು ಅತ್ಯಲ್ಪ. ಗ್ರಾಮ ಪಂಚಾಯಿತಿ ಠೇವಣಿ ಸಾಮಾನ್ಯ ವರ್ಗದವರಿಗೆ 200 ರೂಪಾಯಿ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ ಮತ್ತು ಮಹಿಳೆಯರಿಗೆ 100 ರೂಪಾಯಿ ಇತ್ತು. ನಾನು ಕಟ್ಟಿದ್ದು 100. ಪಕ್ಷದ ಟಿಕೆಟ್ ಬೇಕಿಲ್ಲ, ಏಕೆಂದರೆ ಈ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ವಿಧಾನಸಭೆಯ ಲೆಕ್ಕವೇ ಬೇರೆ. 2023ರಲ್ಲಿ ಅಲ್ಲಿ ಒಬ್ಬ ಅಭ್ಯರ್ಥಿ ಮಾಡಬಹುದಾಗಿದ್ದ ಖರ್ಚಿನ ಮಿತಿ 40 ಲಕ್ಷ ರೂಪಾಯಿ; ಅದೇ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 316 ರೂಪಾಯಿ. ಆಗ ಇದ್ದಂತೆ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸವೆಂದರೆ, ಅಷ್ಟು ಹಣ ದುಡಿಯಲು ನೂರ ಇಪ್ಪತ್ತು ವರ್ಷವೂ ಸಾಲದು. ಆದ್ದರಿಂದ ನಿಮ್ಮ ಅಣ್ಣ ಪಂಚಾಯಿತಿಯಿಂದ ಆರಂಭಿಸುತ್ತಿರುವುದು ಬುದ್ಧಿವಂತಿಕೆಯ ನಿರ್ಧಾರ.

ನಮ್ಮಂಥವರಿಗೆ ನಿಜವಾಗಿ ಹೊರೆಯಾಗುವುದು ತಪ್ಪಿಹೋಗುವ ಕೂಲಿ. ನಾನು ನಿಂತ 2020ರಲ್ಲಿ ಮತದಾನ ಡಿಸೆಂಬರ್ 22 ಮತ್ತು 27ರಂದು ಎರಡು ಹಂತದಲ್ಲಿ, ಎಣಿಕೆ 30ರಂದು ನಡೆಯಿತು. ಮಲೆನಾಡಿನಲ್ಲಿ ಅದು ಅಡಿಕೆ ಕೊಯ್ಲಿನ ಕಾಲ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತವಳಿಗೆ, ಸುಲಿದ ಡಬ್ಬದ ಲೆಕ್ಕದಲ್ಲಿ ನಾಲ್ಕು ಕಾಸು ಕಾಣುವ, ವರ್ಷದ ಸಾಲ ತೀರಿಸುವ ದಿನಗಳು. ನಾಮಪತ್ರ ಹಾಕಿದ ಮರುದಿನ, ನಾನು ಹೋಗುತ್ತಿದ್ದ ಮನೆಯ ಯಜಮಾನರು ನಾಳೆಯಿಂದ ಸುಲಿಯಲು ಬರಬೇಡ ಎಂದು ಹೇಳಿ ಕಳಿಸಿದರು. ಅವರು ಬೈಯಲಿಲ್ಲ, ಬೆದರಿಸಲಿಲ್ಲ, ಕೆಲಸವನ್ನಷ್ಟೇ ನಿಲ್ಲಿಸಿದರು. ಆ ಹದಿನೈದು ದಿನ ನಮ್ಮ ಮನೆಗೆ ಅಕ್ಕಿ ತಂದುಕೊಟ್ಟವರು ನಮ್ಮ ಸ್ವಸಹಾಯ ಸಂಘದ ಹೆಂಗಸರು. ನಿಮ್ಮ ಅಣ್ಣನಿಗೂ ಮೇಸ್ತ್ರಿಯಿಂದಲೋ ಗುತ್ತಿಗೆದಾರರಿಂದಲೋ ಇಂಥದ್ದು ಎದುರಾಗಬಹುದು. ಕರಪತ್ರಕ್ಕೆ ಹಣ ಹೊಂದಿಸುವ ಮೊದಲು ಎರಡು ತಿಂಗಳ ಮನೆಖರ್ಚಿಗೆ ದಾರಿ ಮಾಡಿಕೊಳ್ಳಲಿ.

ಮತ ಕೇಳುವ ವಿಷಯಕ್ಕೆ ಬರುತ್ತೇನೆ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಂತೆ ಸ್ಥಾನಗಳಿರುತ್ತವೆ, ಅನೇಕ ವಾರ್ಡ್‌ಗಳಲ್ಲಿ ಎರಡು ಅಥವಾ ಮೂರು ಸ್ಥಾನಗಳಿರುತ್ತವೆ, ಮತದಾರರಿಗೆ ಅಷ್ಟೇ ಮತಗಳಿರುತ್ತವೆ, ಆದರೆ ಒಬ್ಬ ಅಭ್ಯರ್ಥಿಗೆ ಒಂದೇ ಮತ. ನಾನು ಗೆದ್ದದ್ದು ಇದರಿಂದಲೇ ಎಂದು ಈಗಲೂ ನಂಬಿದ್ದೇನೆ. ಊರಿನಲ್ಲಿ ಯಾರಿಗೂ ತಮ್ಮ ನೆಂಟರನ್ನೋ ಜಾತಿಯವರನ್ನೋ ಕೈಬಿಡಲು ಮನಸ್ಸಾಗುವುದಿಲ್ಲ, ಹಾಗೆ ಕೈಬಿಡಿ ಎಂದು ಕೇಳುವುದು ಅವರನ್ನು ಸಂಕಟಕ್ಕೆ ದೂಡಿದಂತೆ. ಆದ್ದರಿಂದ ನಾನು ಪ್ರತಿ ಮನೆಯಲ್ಲೂ, ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಕೆಲಸದಿಂದ ಬಂದ ಮೇಲೆ ಹೋಗಿ, "ಒಂದು ಮತ ನಿಮ್ಮವರಿಗೇ ಕೊಡಿ, ಇನ್ನೊಂದನ್ನು ನನಗೆ ಕೊಡಿ" ಎಂದೆ. ಹಣ ಹಂಚಿದವರಿಗೆ ಮೊದಲ ಮತ ಹೋಯಿತು. ಎರಡನೆಯದು ನನಗೆ ಬಂತು.

ನಮ್ಮ ಸೀಮೆಯಲ್ಲಿ ಇದು ಹೊಸ ಮಾತೇನಲ್ಲ. 1951ರಲ್ಲಿ ನಮ್ಮ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಭತ್ತ ಅಳೆಯುವ ಕೊಳಗ ನ್ಯಾಯವಾಗಿರಲಿ ಎಂದು ಕೇಳಿ ಸತ್ಯಾಗ್ರಹ ಮಾಡಿದರು. ಮರುವರ್ಷದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು, ಬಡ ಕುಟುಂಬದಿಂದ ಬಂದವರು, ಇದೇ ಭಾಗದಿಂದ ವಿಧಾನಸಭೆಗೆ ಆರಿಸಿ ಹೋದರು. ಮತದ ಜೊತೆಗೆ ಜನರೇ ಒಂದು ನೋಟನ್ನೂ ಕೊಡುವ ಪದ್ಧತಿಯನ್ನು ನಮ್ಮ ಹಿರಿಯರು ಅವರ ಹೆಸರಿನೊಂದಿಗೇ ನೆನೆಯುತ್ತಾರೆ. ನಿಮ್ಮ ಅಣ್ಣನೂ ಪ್ರತಿ ಮನೆಯಿಂದ ಹತ್ತು ರೂಪಾಯಿ ಕೇಳಲು ಸಂಕೋಚಪಡುವುದು ಬೇಡ. ಹತ್ತು ರೂಪಾಯಿ ಕೊಟ್ಟವರು ಮತಗಟ್ಟೆಗೆ ಬಂದೇ ಬರುತ್ತಾರೆ.

ದೇವಸ್ಥಾನಕ್ಕೆ ಇಷ್ಟು ಹಣ ಕೊಟ್ಟವರೇ ಅವಿರೋಧವಾಗಿ ಆಯ್ಕೆಯಾಗಲಿ ಎಂದು ಊರಿನ ಹಿರಿಯರು ಸ್ಥಾನವನ್ನು ಹರಾಜಿಗಿಡುವುದುಂಟು. ಒಗ್ಗಟ್ಟಿನ ಹೆಸರಿನಲ್ಲಿ ನಾಮಪತ್ರ ಹಿಂತೆಗೆಯಲು ಒತ್ತಾಯ ಬಂದರೆ ಒಪ್ಪಬಾರದು. ಅದು ಕಾನೂನುಬಾಹಿರ, ಮೇಲಾಗಿ ಆ ಹರಾಜಿನಲ್ಲಿ ಕೂಲಿಯವರು ಎಂದಿಗೂ ಕೂಗಲಾರರು.

ಗೆದ್ದ ಮೇಲಿನ ಕಷ್ಟವನ್ನೂ ಹೇಳಿಬಿಡುತ್ತೇನೆ. ಸದಸ್ಯರ ಗೌರವಧನ ಆಗ ತಿಂಗಳಿಗೆ 1,000 ರೂಪಾಯಿ. ಸಭೆಗಳು ನಡೆಯುವುದು ಕೆಲಸದ ದಿನಗಳಲ್ಲಿ, ಹಗಲು ಹೊತ್ತಿನಲ್ಲಿ. ಮೊದಲ ವರ್ಷ ಕ್ರಿಯಾ ಯೋಜನೆಯ, ಅಂದರೆ ವರ್ಷದಲ್ಲಿ ಮಾಡುವ ಕಾಮಗಾರಿಗಳ ಪಟ್ಟಿಯ, ಕಾಗದಗಳು ನನಗೆ ಅರ್ಥವಾಗಲಿಲ್ಲ, ಕೇಳಲು ಅಂಜಿಕೆಯಾಗುತ್ತಿತ್ತು. ಆದರೆ ಒಂದು ವಿಷಯ ನನಗೆ ಚೆನ್ನಾಗಿ ಗೊತ್ತಿತ್ತು. ಉದ್ಯೋಗ ಖಾತರಿಯಲ್ಲಿ ಕೆಲಸ ಕೇಳಿ ನಮೂನೆ 6ರ ಅರ್ಜಿ ಕೊಟ್ಟರೆ ದಿನಾಂಕ ಹಾಕಿದ ಸ್ವೀಕೃತಿ ಕೊಡಲೇಬೇಕಿತ್ತು. ಹದಿನೈದು ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೇಳಲು ಆ ಚೀಟಿಯೇ ಆಧಾರವಾಗಿತ್ತು. ನಾನು ಕೂಲಿಯವಳಾಗಿದ್ದಾಗ ಆ ಚೀಟಿ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಸಾಮಾನ್ಯ ಸಭೆಯಲ್ಲಿ ಪ್ರತಿ ಬಾರಿಯೂ ಇದೊಂದನ್ನೇ ಎತ್ತಿದೆ, ನಡಾವಳಿಯಲ್ಲಿ ಬರೆಯಿಸಿದೆ. ಎಂಟನೆಯ ತಿಂಗಳಿನಲ್ಲಿ ನಮ್ಮ ಕೇರಿಯ ಇಪ್ಪತ್ತಮೂರು ಜನ ಅರ್ಜಿ ಕೊಟ್ಟಾಗ, ಇಪ್ಪತ್ತಮೂರು ಜನರಿಗೂ ಮೊಹರು ಹಾಕಿದ ಸ್ವೀಕೃತಿ ಸಿಕ್ಕಿತು. ನಿಮ್ಮ ಅಣ್ಣನಿಗೂ ಗಾರೆ ಕೆಲಸದಿಂದಲೇ ಚೆನ್ನಾಗಿ ಗೊತ್ತಿರುವ ಇಂಥದ್ದೊಂದು ಸಂಗತಿ ಇದ್ದೇ ಇರುತ್ತದೆ. ಮತ ಕೇಳಲು ಹೊರಡುವ ಮೊದಲು ಅದು ಯಾವುದೆಂದು ಅವರ ಜೊತೆ ಕುಳಿತು ಗುರುತಿಸಿಕೊಳ್ಳಿ.