ಹೊಟ್ಟೆಯಲ್ಲಿನ ಕೂಸು, ಹೊಲದಲ್ಲಿನ ಪಾಲು

ಗೋಕಾಕದ ನಿವೃತ್ತ ಮಾಸ್ತರರೊಬ್ಬರ ಪತ್ರ: “ತಂದೆ ತೀರಿಕೊಂಡಾಗ ಹೊಟ್ಟೆಯಲ್ಲಿದ್ದ ಕೂಸಿಗೂ ಹೊಲದಲ್ಲಿ ಪಾಲುಂಟು. ಪಾಲಿಗೆ ಲೆಕ್ಕವಿರುವ ಕೂಸಿನ ಜೀವಕ್ಕೆ ಯಾಕೆ ಲೆಕ್ಕವಿಲ್ಲ? ಗರ್ಭ ತೆಗೆಸಲು ಗಂಡನ ಒಪ್ಪಿಗೆಯೂ ಬೇಡವೇ? ಮೂಡಲಗಿಯ ಹಳ್ಳದಲ್ಲಿ ಸಿಕ್ಕ ಭ್ರೂಣಗಳನ್ನು ಮರೆತಿರಾ?”

ಮಾಸ್ತರರೇ, ಪಾಲಿನ ಮಾತು ಖರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೇ ಕಲಂ ಹಾಗೇ ಹೇಳುತ್ತದೆ. ಆದರೆ ಷರತ್ತೊಂದಿದೆ: ಕೂಸು ಜೀವಂತ ಹುಟ್ಟಬೇಕು. ಹುಟ್ಟದಿದ್ದರೆ ಹೊಲ ಉಳಿದ ವಾರಸುದಾರರಿಗೆ. ಬರುವ ಕೂಸಿಗೆಂದು ಕಾನೂನು ಜಾಗ ಹಿಡಿದಿಟ್ಟಿದೆ, ಅಷ್ಟೇ. ಆ ಜಾಗ ಹಿಡಿದದ್ದು ದಾಯಾದಿಗಳಿಂದ ಕಾಯಲಿಕ್ಕೆ. ಅದನ್ನೇ ಹೊತ್ತ ತಾಯಿಯ ಮೇಲೆ ತಿರುಗಿಸುವಂತಿಲ್ಲ.

ಇನ್ನು ಜೀವಕ್ಕೆ ಲೆಕ್ಕವೇ ಇಲ್ಲವೆಂದಿರಿ. ಗರ್ಭಪಾತ ಇಂದಿಗೂ ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿನಲ್ಲಿ ತಾನೇ ಗರ್ಭ ತೆಗೆದುಕೊಂಡವಳಿಗೂ ಶಿಕ್ಷೆಯಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಕೊಟ್ಟದ್ದು ವಿನಾಯಿತಿ. 2021ರ ತಿದ್ದುಪಡಿಯ ಮೇಲೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 24ರವರೆಗೆ ಇಬ್ಬರದು ಬೇಕು, ಅದೂ ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ಬಸುರಿಯಿದ್ದಾಗ ವಿಧವೆಯಾದವರಂಥ ಕೆಲವರಿಗೆ. ಅದರಾಚೆ ಭ್ರೂಣದಲ್ಲಿ ಗಂಭೀರ ದೋಷವಿದೆಯೆಂದು ವೈದ್ಯಕೀಯ ಮಂಡಳಿ ಹೇಳಬೇಕು, ಇಲ್ಲವೇ ತಾಯಿಯ ಜೀವವೇ ಅಪಾಯದಲ್ಲಿರಬೇಕು. 2023ರ ಅಕ್ಟೋಬರಿನಲ್ಲಿ 26 ವಾರ ದಾಟಿದ್ದ ಎರಡು ಮಕ್ಕಳ ತಾಯಿಗೆ, ಬಾಣಂತನದ ನಂತರದ ಮಾನಸಿಕ ಕಾಯಿಲೆಯಿದ್ದರೂ, ಸುಪ್ರೀಂ ಕೋರ್ಟು ಇದೇ ಅಳತೆ ಹಚ್ಚಿ ಅನುಮತಿ ನಿರಾಕರಿಸಿತು. ಹೆಣ್ಣಿಗೆ ಸಲಿಗೆ ಹೆಚ್ಚಾಗಿದೆ ಅನ್ನುವಂತಿದೆ ನಿಮ್ಮ ಮಾತು. ನನಗೆ ಕಾಣುವುದು ಉಲ್ಟಾ: ಹಂತಹಂತಕ್ಕೂ ತೀರ್ಮಾನ ವೈದ್ಯರದು, ಆಕೆಯದು ಬರೀ ಒಪ್ಪಿಗೆ.

ಮೂಡಲಗಿಯನ್ನು ಹೇಗೆ ಮರೆಯಲಿ? 2022ರ ಜೂನಿನಲ್ಲಿ ಡಬ್ಬಿಗಳಲ್ಲಿ ಏಳು ಭ್ರೂಣ ಸಿಕ್ಕು, ಲಿಂಗಪತ್ತೆಯ ಸಂಶಯ ಎದ್ದಿತ್ತು. ಅದನ್ನು ತಡೆಯಲೆಂದೇ 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಿದೆ. ಅದರ 24ನೇ ಕಲಮನ್ನು ಒಮ್ಮೆ ಓದಿರಿ: ಲಿಂಗಪತ್ತೆಗೆ ಹೆಣ್ಣನ್ನು ಗಂಡನೋ ಸಂಬಂಧಿಕರೋ ಒತ್ತಾಯಿಸಿದ್ದಾರೆಂದೇ ಕೋರ್ಟು ಭಾವಿಸಬೇಕು, ಅಲ್ಲವೆಂದು ಸಾಬೀತುಪಡಿಸುವುದು ಅವರಿಗೆ ಬಿಟ್ಟದ್ದು. ಅಂಥ ಗಂಡನ ಸಹಿಯನ್ನೇ ಕೂಸಿನ ಕಾವಲಿಗಿಡಿ ಅನ್ನುತ್ತೀರಲ್ಲ!

18 ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಹೆಣ್ಣಿಗೆ ತನ್ನ ಒಪ್ಪಿಗೆಯೇ ಸಾಕು. ಆದರೂ “ಮಾಲಕರ ಸಹಿ ತರ್ರಿ” ಎಂದು ಗಂಡನ ಸಹಿಗಾಗಿ ವಾಪಸ್ ಕಳಿಸುವ ಆಸ್ಪತ್ರೆಗಳಿವೆ. ಇಂಥ ಹೆಚ್ಚುವರಿ ಷರತ್ತುಗಳಿಗೆ ಕಾನೂನಿನ ಆಧಾರವಿಲ್ಲವೆಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರಂದೇ ಹೇಳಿದೆ.