ಜರಡಿಯಲ್ಲಿ ಸಿಕ್ಕ ಕೆಂಪು ಚುಕ್ಕಿ

ಪ್ರಶ್ನೆ: ನಾನು ನಾಪೋಕ್ಲು ಕಡೆಯ ಕಾಫಿ ಬೆಳೆಗಾರ. ಜೇಮ್ಸ್ ವೆಬ್ ಟೆಲಿಸ್ಕೋಪ್ ತೆಗೆದ ಚಿತ್ರದಲ್ಲಿ ಒಂದು ಕೆಂಪು ಚುಕ್ಕಿ ತೋರಿಸಿ, ಅದರ ಬೆಳಕು 1350 ಕೋಟಿ ವರ್ಷ ಹಳೆಯದು ಅಂತಾರೆ. ಬರೀ ಚುಕ್ಕಿ ನೋಡಿ ಅದು ಹೇಗೆ ಗೊತ್ತಾಗುತ್ತದೆ ಸರ್? ನನ್ನ ಬಳಿ 8 ಇಂಚಿನ ಟೆಲಿಸ್ಕೋಪ್ ಇದೆ. ನಮ್ಮ ಕಣದಿಂದ ಎಷ್ಟು ದೂರ ನೋಡಬಹುದು?

ಉತ್ತರ: ಮೊದಲಿಗೆ, ಆ ಕೆಂಪು ಬಣ್ಣವನ್ನು ಜಾಸ್ತಿ ನಂಬಬೇಡಿ. ವೆಬ್ ಹಿಡಿಯುವುದು ಬಹುಪಾಲು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಉದ್ದ ಅಲೆಗೆ ಕೆಂಪು, ಗಿಡ್ಡ ಅಲೆಗೆ ನೀಲಿ ಎಂದು ಬಣ್ಣ ತುಂಬುವವರು ನಾವೇ.

ಒಂದೇ ಜಾಗವನ್ನು ಬೇರೆ ಬೇರೆ ಫಿಲ್ಟರ್ ಹಾಕಿ ಗಂಟೆಗಟ್ಟಲೆ ಫೋಟೋ ತೆಗೆಯುತ್ತಾರೆ. ಹಬಲ್ ಟೆಲಿಸ್ಕೋಪ್ 1995ರಲ್ಲಿ ಸಪ್ತರ್ಷಿ ಮಂಡಲದ ಒಂದು ಚೂರು ಆಕಾಶವನ್ನು 10 ದಿನ ದಿಟ್ಟಿಸಿದ್ದೂ 4 ಫಿಲ್ಟರ್‌ಗಳಲ್ಲೇ. ಬರಿದಾಗಿ ಕಾಣುತ್ತಿದ್ದ ಆ ಜಾಗದಲ್ಲಿ ಸುಮಾರು 3000 ಗ್ಯಾಲಕ್ಸಿಗಳು ಸಿಕ್ಕವು! ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜದ ಗ್ರೇಡ್ ಹೇಗೆ ಹೇಳುತ್ತಾರೆ? ಯಾವ ಜರಡಿಯಲ್ಲಿ ಉದುರಿತು, ಯಾವುದರಲ್ಲಿ ನಿಂತಿತು ಅಂತ ನೋಡಿ, ಅಲ್ವಾ? ಇಲ್ಲೂ ಹಾಗೇ. ಚುಕ್ಕಿ ಯಾವ ಫಿಲ್ಟರ್‌ನಲ್ಲಿ ಮಾಯವಾಯಿತು ಎನ್ನುವುದೇ ದೂರದ ಸುಳಿವು.

ಮಾಯವಾಗುವುದು ಯಾಕೆ? ವಿಶ್ವದ ಎಳೆವಯಸ್ಸಿನಲ್ಲಿ ಎಲ್ಲೆಲ್ಲೂ ಹೈಡ್ರೋಜನ್ ಅನಿಲ ತುಂಬಿತ್ತು. ಅದು 121.6 ನ್ಯಾನೋಮೀಟರ್‌ಗಿಂತ ಗಿಡ್ಡ ಅಲೆಗಳನ್ನು ನುಂಗಿಬಿಡುತ್ತದೆ. ಉಳಿದ ಬೆಳಕು ನಮ್ಮ ತನಕ ಬರುವಷ್ಟರಲ್ಲಿ ವಿಶ್ವ ಹಿಗ್ಗುತ್ತದೆ, ಅದರ ಜೊತೆ ಅಲೆಯೂ ಹಿಗ್ಗುತ್ತದೆ. 2024ರಲ್ಲಿ ಸುದ್ದಿಯಾದ ಜೇಡ್ಸ್-ಜಿಎಸ್-ಝಡ್14-0 ಗ್ಯಾಲಕ್ಸಿಯಲ್ಲಿ ಆ ಗಡಿ ಸುಮಾರು 1860 ನ್ಯಾನೋಮೀಟರ್‌ಗೆ ಬಂದು ನಿಂತಿತ್ತು. ಅಂದರೆ 15 ಪಟ್ಟಿಗೂ ಜಾಸ್ತಿ ಹಿಗ್ಗಿದ ಬೆಳಕು. ಅದು ಹೊರಟಾಗ ಮಹಾಸ್ಫೋಟವಾಗಿ ಇನ್ನೂ 30 ಕೋಟಿ ವರ್ಷವೂ ಆಗಿರಲಿಲ್ಲ.

ಆದರೆ ಜರಡಿ ಮೋಸ ಮಾಡುವುದೂ ಉಂಟು. ಸೀಯರ್ಸ್-93316 ಎಂಬ ಚುಕ್ಕಿಯನ್ನು 2022ರಲ್ಲಿ ಎಲ್ಲಕ್ಕಿಂತ ದೂರದ್ದು ಅಂದುಕೊಂಡಿದ್ದರು. ಮರುವರ್ಷ ಅದರ ಬೆಳಕನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದರೆ, ಮಹಾಸ್ಫೋಟವಾಗಿ 100 ಕೋಟಿ ವರ್ಷ ಕಳೆದ ಮೇಲಿನದು! ಧೂಳು ಮತ್ತು ಬಿಸಿ ಅನಿಲದ ಹೊಳಪು ಸೇರಿ ಆಟ ಆಡಿಸಿದ್ದವು. ಒಣಗಿದ ಕಾಫಿ ಹಣ್ಣಿನ (ಚೆರ್ರಿ) ಚೀಲವನ್ನು ಹೊರಗಿನಿಂದ ನೋಡಿ ಔಟ್‌ಟರ್ನ್, ಅಂದರೆ ಅದರಲ್ಲಿ ಎಷ್ಟು ಬೀಜ ಸಿಗುತ್ತದೆ ಅಂತ ಹೇಳಿದರೆ ನೀವು ಒಪ್ಪುತ್ತೀರಾ? ಹಾಗಾಗಿ 'ಅತಿ ದೂರದ ಗ್ಯಾಲಕ್ಸಿ' ಎಂಬ ಸುದ್ದಿ ಬಂದಾಗ ನಾನು ಮೊದಲು ಹುಡುಕುವುದು ರೋಹಿತ (ಹಾಗೆ ಎಳೆ ಎಳೆಯಾಗಿ ಬಿಡಿಸಿದ ಬೆಳಕು) ತೆಗೆದಿದ್ದಾರಾ ಅಂತ.

ಇನ್ನು ನಿಮ್ಮ ಕಣದ ವಿಷಯ. ಕೊಯ್ಲಿನ ದಿನಗಳಲ್ಲಿ, ಚಂದ್ರನಿಲ್ಲದ ಸಂಜೆ ಆಂಡ್ರೊಮಿಡಾ ಗ್ಯಾಲಕ್ಸಿ ಬರಿಗಣ್ಣಿಗೇ ಮಸುಕಾಗಿ ಕಾಣುತ್ತದೆ. ಅದು 25 ಲಕ್ಷ ಜ್ಯೋತಿರ್ವರ್ಷ ದೂರ. ಇನ್ನೂ ದೂರ ಬೇಕಾದರೆ ಕನ್ಯಾ ರಾಶಿಯ 3ಸಿ 273 ಹುಡುಕಿ. ಅದು ಒಂದು ಕ್ವೇಸಾರ್. ದೊಡ್ಡ ಗ್ಯಾಲಕ್ಸಿಯೊಂದರ ನಡುವೆ ಕಪ್ಪು ಕುಳಿಯ ಸುತ್ತ ಉರಿಯುವ ಅನಿಲದ ಬೆಳಕು, 240 ಕೋಟಿ ವರ್ಷ ಹಳೆಯದು. 8 ಇಂಚಿಗೆ ದಕ್ಕುತ್ತದೆ. ಏಪ್ರಿಲ್‌ನಲ್ಲಿ ಮಳೆ ಬಂದು ಆಕಾಶ ತೊಳೆದ ಮಾರನೇ ರಾತ್ರಿ ಒಳ್ಳೆಯದು. ಕಣದ ಲೈಟ್ ಆರಿಸಿ, ನಕ್ಷತ್ರಗಳ ನಕ್ಷೆ ಪಕ್ಕದಲ್ಲಿರಲಿ. ಅದು ಮಂಕು ನಕ್ಷತ್ರದ ಹಾಗೇ ಇರುತ್ತದೆ. ಮನೆಯವರನ್ನು ಕರೆದು ತೋರಿಸಿದರೆ 'ಇಷ್ಟೇನಾ' ಅಂತಾರೆ, ಬೇಜಾರು ಮಾಡಿಕೊಳ್ಳಬೇಡಿ.